ಮೂರು ಸಂಪುಟಗಳ ತಕರಾರು

ಕುರ್ಚಿಗಳನ್ನು ಹೇಗೆ ಹಾಕಬೇಕು ಎಂಬುದೇ ಅವನಿಗೆ ತೀರ್ಮಾನವಾಗಲಿಲ್ಲ. ದುಂಡಗೆ ಹಾಕಿದರೆ ಹೆಂಡತಿಯ ಕುರ್ಚಿಯೂ ಎಲ್ಲರ ಕುರ್ಚಿಗಳಲ್ಲಿ ಒಂದಾಗುತ್ತದೆ. ಆದರೆ ಬಲಗಡೆ ದಿಂಬಿನ ಒತ್ತು ಕೊಟ್ಟು ಕೂರಿಸಬೇಕಾದ್ದರಿಂದ ಅದು ಹೇಗೂ ಬೇರೆಯಾಗಿಯೇ ಕಾಣುತ್ತದೆ. ಗೋಡೆಯ ಬದಿಗೆ ಹಾಕಿದರೆ ದಿಂಬು ಕಾಣಿಸುವುದಿಲ್ಲ, ಆದರೆ ಬಂದವರೆಲ್ಲ ಅವಳೆದುರು ಸಾಲಾಗಿ ಕೂತು, ಆಸ್ಪತ್ರೆಗೆ ರೋಗಿಯನ್ನು ನೋಡಲು ಬಂದವರ ಹಾಗಾಗಿಬಿಡುತ್ತದೆ. ಎಳೆದ, ಸರಿಸಿದ, ಮತ್ತೆ ಎಳೆದ. ಕುರ್ಚಿಯ ಕಾಲು ನೆಲಕ್ಕೆ ಉಜ್ಜಿ ಕಿರ್ರೆಂದಾಗಲೆಲ್ಲ ಒಳಗಿನ ಕೋಣೆಯಿಂದ 'ಎತ್ತಿ ಇಡಬಾರದೇನ್ರೀ, ನೆಲ ಏನು ಪಾಪ ಮಾಡಿದೆ?' ಎಂಬ ಮಾತು ಬರಬೇಕಿತ್ತು. ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ಪ್ರತಿಸಲ ಕುರ್ಚಿ ಹಿಡಿದು ಒಂದು ಕ್ಷಣ ಕಾಯುತ್ತಿದ್ದ. ಆ ಕಾಯುವಿಕೆಯಲ್ಲಿ ಆಸೆಯೂ ಇತ್ತು, ಹೆದರಿಕೆಯೂ ಇತ್ತು.

ಒಳಗೆ ನಾದಿನಿ ಅವಳಿಗೆ ತಲೆ ಬಾಚುತ್ತಿದ್ದಳು. "ಅಕ್ಕಾ, ಇವತ್ತು ಯಾರು ಬರ್ತಾರೆ ಗೊತ್ತಾ? ನಿನ್ನ ಕೂಟದವರೆಲ್ಲ ಬರ್ತಾರೆ! ಜಾಣೆ ಅಲ್ವಾ ನೀನು, ಸ್ವಲ್ಪ ಹೀಗೆ ತಿರುಗು ನೋಡೋಣ..." ನಾದಿನಿ ಒಳ್ಳೆಯವಳು. ತನ್ನ ಮನೆ, ಗಂಡ, ಕೆಲಸ ಎಲ್ಲ ಬಿಟ್ಟು ಅಕ್ಕನಿಗೆಂದು ಬಂದು ಕೂತವಳು. ಅವಳು ಬರದಿದ್ದರೆ ತಾನು ಏನು ಮಾಡುತ್ತಿದ್ದೆನೋ ಎಂದು ಅವನು ದಿನಕ್ಕೊಮ್ಮೆಯಾದರೂ ಅಂದುಕೊಳ್ಳುತ್ತಿದ್ದ. ಆದರೂ ಆ ಮಗುವನ್ನು ಮುದ್ದಿಸುವಂಥ ದನಿ ಕಿವಿಗೆ ಬಿದ್ದಾಗ ಮೈ ಹಿಡಿಯಾಗುತ್ತಿತ್ತು. ಶಾಲೆಯಲ್ಲಿ ಬೀಜಗಣಿತ ಬಾರದ ದೊಡ್ಡ ದೊಡ್ಡ ಹುಡುಗರನ್ನು ಒಂದು ಹುಬ್ಬೆತ್ತಿ ನಿಲ್ಲಿಸುತ್ತಿದ್ದ ಹೆಂಗಸು ಈಗ 'ಜಾಣೆ' ಅನ್ನಿಸಿಕೊಂಡು ತಲೆ ತಿರುಗಿಸಬೇಕು. ಪಾರ್ಶ್ವವಾಯು ಬಡಿದರೂ ಅವಳಿಗೆ ಎಲ್ಲವೂ ಅರ್ಥವಾಗುತ್ತದೆ, ಮಾತು ಹೊರಗೆ ಬರುವ ದಾರಿ ಮಾತ್ರ ಕಟ್ಟಿದೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಎಲ್ಲರೂ ಅದನ್ನು ತಲೆಯಾಡಿಸಿ ಕೇಳಿಸಿಕೊಂಡಿದ್ದರು. ಮಾರನೆಯ ದಿನದಿಂದಲೇ ಅವಳ ಜೊತೆ ಮೂರು ವರ್ಷದ ಮಗುವಿನ ಜೊತೆ ಆಡುವಂತೆ ಆಡತೊಡಗಿದ್ದರು. ಅವನೇನು ಕಡಿಮೆಯೇ? ಅವಳು 'ಬೇ...' ಎಂದರೆ ಸಾಕು, "ಬೇಡ್ವಾ, ಆಯ್ತು ಆಯ್ತು, ಬೇಡ" ಎಂದು ತಟ್ಟೆ ಎತ್ತಿಕೊಂಡು ಹೋಗುತ್ತಿದ್ದ. ಅವಳು ಹೇಳಲು ಹೊರಟದ್ದು 'ಬೇರೆ' ಇರಬಹುದಿತ್ತು, 'ಬೇಗ' ಇರಬಹುದಿತ್ತು.

ಅವನ ಕಸುಬು ಬಾಯಿಯದ್ದು. ಹಲ್ಲಿನ ಡಾಕ್ಟರುಗಳು ಕಳಿಸುವ ಅಚ್ಚುಗಳಿಗೆ ಪ್ಲಾಸ್ಟರು ಹುಯ್ದು, ಮೇಣದಲ್ಲಿ ವಸಡು ಕೂರಿಸಿ, ಹಲ್ಲಿನ ಸೆಟ್ಟು ಮಾಡಿಕೊಡುವ ಕೆಲಸ. ಮುಖ ಕಾಣದ ಬಾಯಿಗಳ ಜೊತೆ ವರ್ಷಾನುಗಟ್ಟಲೆ ಕೂತವನಿಗೆ ಯಾರ ಎದುರಿಗೆ ಕೂತರೂ ಮೊದಲು ಕಾಣುವುದು ತುಟಿಯ ಅಂಚು, ದವಡೆಯ ಇಳಿಜಾರು. ಹೀಗಾಗಿ ಅವಳು ಆಸ್ಪತ್ರೆಯಿಂದ ಮನೆಗೆ ಬಂದ ದಿನ, ಎಲ್ಲರೂ ಅವಳ ಕಣ್ಣು ನೋಡಿ ಮಾತಾಡುತ್ತಿದ್ದಾಗ, ಅವನ ಕಣ್ಣು ತಾನಾಗಿ ಬಲಗಡೆಯ ತುಟಿ ಎಷ್ಟು ಜಾರಿದೆ ಎಂದು ಅಳೆಯುತ್ತಿತ್ತು. ಅವಳು ಅದನ್ನು ಕಂಡುಹಿಡಿದಳು. ಎಡಗೈಯಿಂದ ಸೆರಗೆತ್ತಿ ಬಾಯಿ ಮುಚ್ಚಿಕೊಂಡಳು. ಅಂದಿನಿಂದ ಅವನು ಅವಳ ಹಣೆಯನ್ನು ನೋಡಿ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದ. ಹಣೆ ನೋಡಿ ಮಾತಾಡುವ ಗಂಡನನ್ನು ಅವಳು ಏನೆಂದುಕೊಂಡಿದ್ದಾಳೋ!

ಅದಕ್ಕಿಂತ ದೊಡ್ಡದೊಂದು ಮುಳ್ಳು ಒಳಗಿತ್ತು. ಅವಳು ಮನೆಗೆ ಬಂದ ಮೇಲಿನ ಮೊದಲ ಭಾನುವಾರ, ಮಧ್ಯಾಹ್ನ, ಅವಳು ಮಲಗಿದ್ದಾಗ, ಅವನು ಪತ್ರಿಕೆ ಹಿಡಿದು ಕಿಟಕಿಯ ಬಳಿ ಕೂತಿದ್ದ. ರೇಡಿಯೋ ಇಲ್ಲ, ಫೋನಿನಲ್ಲಿ ಯಾರ ಜೊತೆಗೂ ವಾದವಿಲ್ಲ, ಅವನು ಗಟ್ಟಿಯಾಗಿ ಓದಿದ ಸುದ್ದಿಯಲ್ಲಿ ತಪ್ಪು ಹುಡುಕುವವರಿಲ್ಲ. ಬಿಸಿಲು ನೆಲದ ಮೇಲೆ ನಿಧಾನವಾಗಿ ಹರಿಯುತ್ತಿತ್ತು. ಮನೆ ಎಷ್ಟು ತಣ್ಣಗಿದೆ ಅನ್ನಿಸಿತು. ಹಾಗೆ ಅನ್ನಿಸಿದ್ದೇ ತಡ, ಯಾರೋ ಕಪಾಳಕ್ಕೆ ಬಾರಿಸಿದ ಹಾಗೆ ಎದ್ದು, ಹೋಗಿ ಅವಳ ಕಾಲ ಬಳಿ ಕೂತ. ಅವಳು ನಿದ್ದೆಯಲ್ಲಿದ್ದಳು. ಕ್ಷಮಿಸು ಎಂದು ಹೇಳಲೂ ಆಗದಂಥ ತಪ್ಪು ಅದು. ಏನು ಮಾಡಿದೆ ಎಂದು ಹೇಳಬೇಕು? ಸುಖವಾಗಿದ್ದೆ ಎಂದೇ?

ಗೇಟಿನ ಸದ್ದಾಯಿತು. ವಕೀಲರು.

ಕೂಟ ಮತ್ತೆ ಸೇರುವ ಯೋಚನೆ ವಕೀಲರದ್ದೇ. ತಿಂಗಳಿಗೊಮ್ಮೆ ಈ ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕಾರು ಜನ ಸೇರಿ ಒಂದು ಪುಸ್ತಕ ಹಿಡಿದು ಜಗಳವಾಡುವುದು ವರ್ಷಗಳಿಂದ ನಡೆದುಬಂದದ್ದು. ಅವಳು ಬಿದ್ದ ಮೇಲೆ ನಿಂತುಹೋಗಿತ್ತು. ಹೋದ ವಾರ ವಕೀಲರು ಫೋನು ಮಾಡಿ, ಯಾರೋ ಸತ್ತ ಮನೆಗೆ ಮಾತಾಡುವ ದನಿಯಲ್ಲಿ, "ಮೇಡಂ ಅವರಿಗೆ ಇಷ್ಟವಾದ ಆ ಮೂರು ಸಂಪುಟವನ್ನೇ ಇಟ್ಕೊಳ್ಳೋಣ ಸಾರ್. ಎಲ್ಲರ ಅಭಿಪ್ರಾಯವೂ ಅದೇ" ಅಂದಿದ್ದರು. ಫೋನಿಟ್ಟ ಮೇಲೆ ಅವನಿಗೆ ಆ ಮಾತು ವಿಚಿತ್ರವಾಗಿ ಕಂಡಿತು. ಎಲ್ಲರ ಅಭಿಪ್ರಾಯ! ಈ ಕೂಟದಲ್ಲಿ ಎಲ್ಲರಿಗೂ ಸೇರಿ ಒಂದು ಅಭಿಪ್ರಾಯ ಯಾವತ್ತು ಇತ್ತು?

ಮೂರು ಸಂಪುಟವೆಂದರೆ ಒಂದು ದಪ್ಪ ಹಳೆಯ ಕಾದಂಬರಿ. ನದಿ ಬತ್ತಿಹೋದ ಒಂದು ರಾಜ್ಯ. ಸಿಂಹಾಸನ ಕಳೆದುಕೊಂಡ ಮುದಿ ರಾಣಿಯೊಬ್ಬಳು ಆ ನದಿಯ ಮೂಲ ಹುಡುಕಿಕೊಂಡು ನಡೆದೇ ಹೊರಡುತ್ತಾಳೆ. ಜೊತೆಗೆ ಅವಳ ಗಂಟುಮೂಟೆ ಹೊತ್ತ ಹೇಸರಗತ್ತೆಗಳು, ಅವನ್ನು ಹೊಡೆದುಕೊಂಡು ಹೋಗುವ ಒಬ್ಬ ಆಳು. ದಾರಿಯುದ್ದ ಮಾತಾಡುವ ಬಂಡೆಗಳು, ರೆಕ್ಕೆಯ ತೋಳಗಳು, ಯುದ್ಧಗಳು, ಶಾಪಗಳು. ಕೂಟದವರು ಬೇರೆ ಎಷ್ಟೋ ಪುಸ್ತಕ ಓದಿದರೂ ಸುತ್ತಿ ಸುತ್ತಿ ಇದಕ್ಕೇ ಬರುತ್ತಿದ್ದರು. ವಕೀಲರಿಗೆ ಅದು ಬೆಳೆದವರ ಮಕ್ಕಳಾಟ. "ಕೆಟ್ಟವನು ಯಾಕೆ ಕೆಟ್ಟವನು ಅಂತ ಒಂದು ಕಾರಣ ಬೇಡ್ವಾ ಮೇಡಂ? ಕರೀ ಬಟ್ಟೆ ಹಾಕ್ಕೊಂಡ್ರೆ ಆಯ್ತಾ? ಹಾಗಾದ್ರೆ ಮೊದಲು ನನ್ನನ್ನ ಹಿಡೀಬೇಕು!" ಪೋಸ್ಟ್ ಮಾಸ್ತರಿಗೆ ಮೊದಲ ಪುಟದ ನಕ್ಷೆಯೊಂದೇ ಇಷ್ಟ; ಎರಡನೇ ಸಂಪುಟವನ್ನು ಇಡಿಯಾಗಿ ಕಿತ್ತು ಹಾಕಿದರೂ ಕಥೆಗೆ ಕೂದಲು ಕೊಂಕುವುದಿಲ್ಲ ಎನ್ನುತ್ತಿದ್ದರು. ಔಷಧಿ ಅಂಗಡಿಯ ಹುಡುಗಿ ಅದನ್ನು ವರ್ಷಕ್ಕೊಮ್ಮೆ ಓದಿ ಅಳುವವಳು; ತೋಳವೊಂದರ ಮೇಲೆ ಅವಳಿಗೆ ಪ್ರೇಮ. ಇವರೆಲ್ಲರ ನಡುವೆ ಅವನ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿ, "ಇದು ಯುದ್ಧದ ಪುಸ್ತಕ ಅಲ್ಲ ರೀ, ನಡಿಗೆಯ ಪುಸ್ತಕ! ಕಾಲು ನೋಯೋದು ಹೇಗೆ ಅಂತ ಇಷ್ಟು ಚೆನ್ನಾಗಿ ಇನ್ಯಾರು ಬರೆದಿದಾರೆ ತೋರಿಸಿ" ಎಂದು ಒಬ್ಬೊಬ್ಬರನ್ನೂ ಅಟ್ಟಿಸಿಕೊಂಡು ಹೋಗುತ್ತಿದ್ದಳು.

ಅವನು ಆಗೆಲ್ಲ ಅಡುಗೆಮನೆಯಲ್ಲಿರುತ್ತಿದ್ದ. ಟೀ ಅವನ ಖಾತೆ. ಪುಸ್ತಕದ ಮುಕ್ಕಾಲು ಪಾಲು ಕಥೆ ಅವನಿಗೆ ಗೊತ್ತಾದದ್ದೇ ಅಡುಗೆಮನೆಯ ಬಾಗಿಲಿನಿಂದ, ಹಾಲು ಉಕ್ಕದಂತೆ ನೋಡಿಕೊಳ್ಳುತ್ತ. ಒಮ್ಮೆ ಲೋಟಗಳನ್ನು ಹಿಡಿದು ಬಂದವನು ತಡೆಯಲಾರದೆ, "ಆ ಹೇಸರಗತ್ತೆ ಹೊಡೆಯೋನು, ಪಾಪ..." ಎಂದು ಶುರುಮಾಡಿದ್ದ. ಅವಳು ತಿರುಗಿ, "ಓದಿದವರು ಮಾತಾಡ್ಲಿ ರೀ, ನೀವು ಟೀ ಕೊಡಿ" ಅಂದಳು. ಎಲ್ಲರೂ ನಕ್ಕರು. ಅವನೂ ನಕ್ಕ. ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ವಾದದ ಬಿಸಿಯಲ್ಲಿದ್ದಳು. ಅದಾದ ಮೇಲೆ ಅಡುಗೆಮನೆಗೆ ಹೋಗಿ ಸೋಸುವ ಬಟ್ಟೆಯನ್ನು ಎಷ್ಟು ಹೊತ್ತು ಹಿಂಡಿದನೋ.

ಈಗ ಎಲ್ಲರೂ ಬಂದು ಕೂತಿದ್ದರು. ಕುರ್ಚಿಗಳು ಕೊನೆಗೂ ದುಂಡಗೇ ಆದವು. ನಾದಿನಿ ಅವಳನ್ನು ಮೆಲ್ಲನೆ ನಡೆಸಿಕೊಂಡು ಬಂದು ಕೂರಿಸಿದಾಗ ಎಲ್ಲರೂ ಎದ್ದು ನಿಂತರು. ಅವಳು ಬಂದರೆ ಯಾವತ್ತೂ ಏಳದವರು. ವಕೀಲರು ಕೈ ಮುಗಿದರು. ಪೋಸ್ಟ್ ಮಾಸ್ತರು "ಎಷ್ಟು ಸುಧಾರಿಸಿದೀರಿ ಮೇಡಂ!" ಎಂದು ಕಿವಿ ಕೇಳದವರಿಗೆ ಹೇಳುವಂತೆ ಕೂಗಿದರು. ಔಷಧಿ ಅಂಗಡಿಯ ಹುಡುಗಿ ಮಾತ್ರ ಅವಳ ಎಡಗೈ ಹಿಡಿದುಕೊಂಡು, ಬಿಡುವುದು ಯಾವಾಗ ಎಂದು ತಿಳಿಯದೆ, ಹಿಡಿದೇ ಕೂತಳು. ಮಧ್ಯದ ಮೇಜಿನ ಮೇಲೆ ಮೂರು ಸಂಪುಟ. ಮೂರನೆಯದರ ಬೆನ್ನು ಸುಕ್ಕಾಗಿತ್ತು.

"ಮೇಡಂ," ವಕೀಲರು ಗಂಟಲು ಸರಿಮಾಡಿಕೊಂಡರು, "ನಾನು ಇದನ್ನ ಮತ್ತೆ ಓದಿದೆ. ಒಪ್ಕೋಬೇಕು. ನೀವು ಹೇಳ್ತಿದ್ದದ್ದೇ ಸರಿ. ದೊಡ್ಡ ಪುಸ್ತಕ. ನನಗೇ ತಿಳಿದಿರಲಿಲ್ಲ."

"ಎರಡನೇ ಸಂಪುಟ ಇಲ್ದೇ ಇದ್ರೆ ಇದು ನಿಲ್ಲೋದೇ ಇಲ್ಲ," ಪೋಸ್ಟ್ ಮಾಸ್ತರು ದನಿಗೂಡಿಸಿದರು. "ಅದೇ ಇದರ ಬೆನ್ನೆಲುಬು."

"ನಡಿಗೆಯ ಪುಸ್ತಕ," ಎಂದರು ವಕೀಲರು. "ಎಂಥ ಮಾತು ಹೇಳಿದ್ರಿ ಮೇಡಂ ಅವತ್ತು!"

ನಾದಿನಿ ಹಿಗ್ಗಿ, "ನೋಡಿದ್ಯಾ ಅಕ್ಕಾ, ಎಲ್ಲರೂ ನಿನ್ನ ಮಾತೇ ಒಪ್ಕೊಂಡ್ರು!" ಎಂದು ಅವಳ ಭುಜ ತಟ್ಟಿದಳು. ಎಲ್ಲರೂ ತಲೆಯಾಡಿಸಿದರು. ಹುಡುಗಿ ನೆಲ ನೋಡಿದಳು. ಬಂದವರಲ್ಲಿ ಮೊದಲಿನಿಂದಲೂ ಆ ಪುಸ್ತಕವನ್ನು ಹೊಗಳಿದವಳು ಅವಳೊಬ್ಬಳೇ. ಈಗ ಅವಳ ಹೊಗಳಿಕೆಗೆ ಬೆಲೆಯೇ ಇಲ್ಲದಂತಾಗಿತ್ತು.

ಅವನು ಅಡುಗೆಮನೆಯ ಬಾಗಿಲಲ್ಲಿ ಟೀ ತಟ್ಟೆ ಹಿಡಿದು ನಿಂತಿದ್ದ. ಅಂದು ಮೊದಲ ಬಾರಿಗೆ ಅವಳ ಹಣೆ ಬಿಟ್ಟು ಮುಖ ನೋಡಿದ. ಅವಳ ಕಣ್ಣು ವಕೀಲರ ಮೇಲೆ ನಿಂತಿತು, ಅಲ್ಲಿಂದ ಪೋಸ್ಟ್ ಮಾಸ್ತರ ಮೇಲೆ, ಆಮೇಲೆ ತಂಗಿಯ ಮೇಲೆ. ಲೆಕ್ಕ ತಪ್ಪು ಮಾಡಿದ ಮಕ್ಕಳನ್ನು ನೋಡುವ ನೋಟವಲ್ಲ ಅದು. ತನ್ನನ್ನೇ ಕಪ್ಪುಹಲಗೆಯಿಂದ ಒರೆಸಿ ಹಾಕುತ್ತಿರುವುದನ್ನು ಹಿಂದಿನ ಬೆಂಚಿನಲ್ಲಿ ಕೂತು ನೋಡುವಂಥದ್ದು. ನಿಧಾನವಾಗಿ ಹುಡುಗಿಯ ಹಿಡಿತದಿಂದ ಕೈ ಬಿಡಿಸಿಕೊಂಡಳು. ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಹೊರಗೆ ನೋಡುವಂಥದ್ದು ಏನೂ ಇರಲಿಲ್ಲ. ಎದುರು ಮನೆಯ ಗೋಡೆ, ಅದರ ಮೇಲೊಂದು ನೀರಿನ ಪೈಪು. ಎಡಗೈ ಬೆರಳು ದಿಂಬಿನ ಅಂಚಿನ ನೂಲನ್ನು ಎಳೆಯುತ್ತಿತ್ತು. ಆಗ ಅವನಿಗೆ ಅರ್ಥವಾಯಿತು. ಆಸ್ಪತ್ರೆಯಿಂದ ಬಂದಂದಿನಿಂದ ಇವಳ ಎದುರು ಒಬ್ಬರೂ 'ಇಲ್ಲ' ಅಂದಿಲ್ಲ. ಒಂದು ಮಾತಿಗೂ ಎದುರಾಡಿಲ್ಲ. ಎಲ್ಲರೂ ಸೇರಿ, ಪ್ರೀತಿಯಿಂದಲೇ, ಇವಳನ್ನು ಹೊರಗಿಟ್ಟಿದ್ದೇವೆ. ನಾನು ಎಲ್ಲರಿಗಿಂತ ಮೊದಲು.

"ನನಗೆ ಹಿಡಿಸಲಿಲ್ಲ," ಎಂದ.

ದನಿ ಬೇಕಾದ್ದಕ್ಕಿಂತ ದೊಡ್ಡದಾಗಿ ಬಂತು. ತಟ್ಟೆಯಲ್ಲಿ ಲೋಟಗಳು ಕಿಣಿಗುಟ್ಟಿದವು. ಎಲ್ಲರೂ ತಿರುಗಿದರು.

"ಏನು ಸಾರ್?"

"ಈ ಪುಸ್ತಕ. ನಾನೂ ಓದಿದೀನಿ. ನನಗೆ ಹಿಡಿಸಲಿಲ್ಲ."

"ಭಾವ!" ನಾದಿನಿ ಕಣ್ಣು ಕೆಕ್ಕರಿಸಿದಳು. ವಕೀಲರು ಸಮಾಧಾನದ ಕೈ ಎತ್ತಿ, "ಇರ್ಲಿ ಬಿಡಿ ಸಾರ್, ಈಗ್ಯಾಕೆ ಅದೆಲ್ಲ" ಎಂದರು. ಅವನು ತಟ್ಟೆಯನ್ನು ಮೇಜಿನ ಮೇಲೆ, ಸಂಪುಟಗಳ ಪಕ್ಕದಲ್ಲೇ, ಧಡ್ಡನೆ ಇಟ್ಟ. ಅವಳು ಇನ್ನೂ ಕಿಟಕಿಯ ಕಡೆಗೇ ಮುಖ ಮಾಡಿದ್ದಳು, ಆದರೆ ನೂಲು ಎಳೆಯುವುದು ನಿಂತಿತ್ತು.

ಓದಿದ್ದು ಸುಳ್ಳಲ್ಲ. ಅವಳು ಬಿದ್ದ ದಿನ ಅವಳ ಚೀಲದಲ್ಲಿ ಮೂರನೇ ಸಂಪುಟವಿತ್ತು, ಹುಡುಗಿಗೆ ಕೊಡಲೆಂದು ಇಟ್ಟುಕೊಂಡದ್ದು. ತೀವ್ರ ನಿಗಾ ಘಟಕದ ಬಾಗಿಲ ಮುಂದೆ ಒಂದು ಕಬ್ಬಿಣದ ಬೆಂಚು. ಬಾಗಿಲಿಗೆ ದುಂಡನೆಯ ಗಾಜು. ಒಳಗೆ ಹೋಗಲು ಎದ್ದರೆ "ನೀವು ಇಲ್ಲೇ ಇರಿ" ಎನ್ನುವ ಒಬ್ಬಾಕೆ. ಅವಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬೇರೇನೂ ತೋಚದೆ, ಕೊನೆಯ ಸಂಪುಟದಿಂದ ಕಥೆಯನ್ನು ಶುರುಮಾಡಿದ್ದ. ಅವಳು ಪೆನ್ಸಿಲಿನಲ್ಲಿ ಗೀಟು ಹಾಕಿದ ಸಾಲುಗಳನ್ನು ಎರಡೆರಡು ಸಲ ಓದಿದ್ದ, ಅಲ್ಲಿ ಅವಳು ಇನ್ನೂ ಮಾತಾಡುತ್ತಿದ್ದಾಳೆ ಎನ್ನುವಂತೆ.

"ನಿಮಗೆಲ್ಲ ರಾಣಿ ಮುಖ್ಯ," ಎಂದ. "ಆ ಹೇಸರಗತ್ತೆಯವನು? ಮೂರು ಸಂಪುಟ ಅವಳ ಗಂಟು ಸಾಗಿಸಿದ. ಅವಳ ಕಾಲಿಗೆ ಬಟ್ಟೆ ಸುತ್ತಿದ. ಅವಳ ಬಾಯಿಂದ ಬೈಸ್ಕೊಂಡ. ಕೊನೆಗೆ ನದಿ ಹುಟ್ಟೋ ಜಾಗಕ್ಕೆ ಬಂದ್ರು, ಕಲ್ಲಿನ ಬಾಗಿಲು ತೆರೀತು, ಆಗ ಏನಂದ್ಲು? 'ನೀನು ಇಲ್ಲೇ ಇರು' ಅಂದ್ಲು. ಒಬ್ಬಳೇ ಒಳಗೆ ಹೋದ್ಲು. ಇದೇನ್ರೀ ಮರ್ಯಾದೆ? ನದಿ ಬಂತು ಅಂತ ಊರೆಲ್ಲ ಕುಣೀತು. ಅವನು ಆ ಬಾಗಿಲ ಮುಂದೆ ಕೂತು ಅತ್ತನಲ್ಲ, ಅದನ್ನ ಯಾರು ಕೇಳಿದ್ರು? ಬರೆದೋನಿಗೂ ಬೇಡ, ಓದೋರಿಗೂ ಬೇಡ."

ಪೋಸ್ಟ್ ಮಾಸ್ತರು ಬಿಸ್ಕತ್ತಿಗೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು. ಅವಳು ಮುಖ ತಿರುಗಿಸಿದಳು. ಎಡಹುಬ್ಬು ಮೇಲೇರಿತ್ತು.

"ಅ..." ಎಂದಳು. ತುಟಿ ಒದ್ದಾಡಿತು. "ಅ... ಅಲ್ಲ."

ನಾದಿನಿ ಏಳಲು ಹೋದಳು. ಅವನು ಕಣ್ಣಲ್ಲೇ ತಡೆದ. ದನಿಯನ್ನು ಮೆದುಗೊಳಿಸಲಿಲ್ಲ. "ಏನು ಅಲ್ಲ?"

"ಅತ್ತ... ಅಲ್ಲ." ಎಡಗೈ ಎತ್ತಿ ಗಾಳಿಯನ್ನು ಒರೆಸಿದಳು. "ನ... ನ..."

ಹುಡುಗಿಗೆ ಪದ ನಾಲಿಗೆಯ ತುದಿಯಲ್ಲಿತ್ತು, ಹೇಳಿಬಿಡುವವಳಿದ್ದಳು. ವಕೀಲರು ತಟ್ಟನೆ ಅಂಗೈ ಅಡ್ಡ ಹಿಡಿದು, "ತಡಿಯಮ್ಮ, ಅವರೇ ಹೇಳ್ಲಿ" ಎಂದರು. ಕೋಣೆಯಲ್ಲಿ ಎಲ್ಲರೂ ಕಾದರು. ಆ ಕಾಯುವಿಕೆ ಕರುಣೆಯದಾಗಿರಲಿಲ್ಲ. ಎದುರಾಳಿಯ ಉತ್ತರಕ್ಕೆ ಕಾಯುವ ಹಾಗೆ ಕಾದರು. ಅವಳ ಹಣೆಯ ಮೇಲೆ ಬೆವರು ಮೂಡಿತು. ಕುತ್ತಿಗೆಯ ನರ ಉಬ್ಬಿತು. ಒದ್ದುಕೊಂಡು ಬಂದ ಹಾಗೆ ಪದ ಹೊರಗೆ ಬಿತ್ತು.

"ನಕ್ಕ."

"ಇಲ್ಲ," ಎಂದ ಅವನು. "ಅತ್ತ. ನನಗೆ ಚೆನ್ನಾಗಿ ನೆನಪಿದೆ."

"ನಕ್ಕ!"

ಹುಡುಗಿ ಆಗಲೇ ಮೂರನೇ ಸಂಪುಟ ತೆರೆದು ಹಾಳೆ ಸರಸರ ಮಗುಚುತ್ತಿದ್ದಳು. ಸಿಕ್ಕಿತು. ಓದಿದಳು: "'ಬಾಗಿಲು ಮುಚ್ಚಿತು. ಅವನು ಹೇಸರಗತ್ತೆಯ ಕತ್ತಿಗೆ ಒರಗಿ ನಕ್ಕನು. ಇಷ್ಟು ದೂರ ನಡೆದು ಬಂದವನು ತಾನೇ ಎಂದು ಅವನಿಗೆ ನಂಬಿಕೆಯಾಗಲಿಲ್ಲ.'"

ಅವನು ಕೈ ಚಾಚಿ ಪುಸ್ತಕ ತೆಗೆದುಕೊಂಡು ನೋಡಿದ. ನಕ್ಕನು ಎಂದೇ ಇತ್ತು. ಅದರ ಕೆಳಗೆ ಅವಳ ಪೆನ್ಸಿಲಿನ ಗೀಟು. ಈ ಪುಟವನ್ನು ಅವನು ಎಷ್ಟು ಸಲ ಓದಿರಲಿಲ್ಲ! ಬೆಂಚಿನ ಮೇಲೆ ಕೂತು ಓದಿದಾಗ ಅಕ್ಷರಗಳು ನೀರಿನಲ್ಲಿ ಅದ್ದಿದ ಹಾಗೆ ಕದಡಿದ್ದು ನೆನಪಾಯಿತು. ಅಳು ಪುಸ್ತಕದಲ್ಲಿರಲಿಲ್ಲ.

"ಇಲ್ಲೇ ನೋಡಿ ನನ್ನ ತಕರಾರಿರೋದು!" ವಕೀಲರು ಕುರ್ಚಿಯ ಅಂಚಿಗೆ ಸರಿದಿದ್ದರು. "ಅಷ್ಟು ನಡೆದೋನು ನಗ್ತಾನಾ? ಮನುಷ್ಯ ಹಾಗಿರ್ತಾನಾ? ಅದಕ್ಕೇ ಇದು ಮಕ್ಕಳ..." ಎಂದವರು ತಟ್ಟನೆ ನಾಲಿಗೆ ಕಚ್ಚಿಕೊಂಡರು. ಸ್ವಲ್ಪ ಹೊತ್ತಿನ ಮುಂಚೆ ದೊಡ್ಡ ಪುಸ್ತಕವೆಂದು ಒಪ್ಪಿಕೊಂಡದ್ದು ನೆನಪಾಗಿರಬೇಕು. ಅವಳು ಅವರನ್ನೇ ದಿಟ್ಟಿಸುತ್ತಿದ್ದಳು. ಬಾಯಿಯ ಎಡತುದಿ ಅಲುಗಾಡಿತು.

"ಸುಳ್ಳ," ಎಂದಳು. ಈ ಪದಕ್ಕೆ ಕಷ್ಟವೇ ಆಗಲಿಲ್ಲ.

ನಕ್ಕವರಲ್ಲಿ ಮೊದಲಿಗರು ವಕೀಲರೇ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ನಗುವಿನಿಂದಲೇ ಇರಬೇಕು. "ಹೌದು ಮೇಡಂ. ಅಪ್ಪಟ ಸುಳ್ಳು. ಮತ್ತೆ ಓದಿದ್ದು ನಿಜ. ಆದ್ರೆ ಈ ಪುಸ್ತಕ ಕಂಡ್ರೆ ನನಗೆ ಈಗ್ಲೂ ಆಗಲ್ಲ!" "ಎರಡನೇ ಸಂಪುಟದಲ್ಲಿ ಈ ಸಲವೂ ನಿದ್ದೆ ಹೋದೆ," ಪೋಸ್ಟ್ ಮಾಸ್ತರು ತಪ್ಪೊಪ್ಪಿಕೊಂಡು ಬಿಸ್ಕತ್ತು ತೆಗೆದುಕೊಂಡರು. ಹುಡುಗಿ ಹಾರಿಬಿದ್ದಳು. ನನ್ನ ತೋಳ ಇರೋದೇ ಆ ಸಂಪುಟದಲ್ಲಿ, ನಿಮಗೆ ನಕ್ಷೆ ಬಿಟ್ಟರೆ ಇನ್ನೇನು ಗೊತ್ತು ಎಂದು ದಬಾಯಿಸಿದಳು. ಮಾತಿನ ಮೇಲೆ ಮಾತು ಬಿತ್ತು. ಟೀ ಆರಿತು. ಅವನ ಹೆಂಡತಿ ಹೆಚ್ಚು ಮಾತಾಡಲಿಲ್ಲ. 'ಅಲ್ಲ' ಒಂದೇ ಪದವನ್ನು ಬೇಕಾದಲ್ಲಿ, ಬೇಕಾದ ತೂಕದಲ್ಲಿ ಇಟ್ಟಳು. ಒಮ್ಮೆ 'ಕಾಲು' ಎಂದಳು, ಒಮ್ಮೆ ಯಾವುದೋ ಸಂಬಂಧವಿಲ್ಲದ 'ಬೀಗ' ಬಂತು. ಅದು ತಪ್ಪೆಂದು ಅವಳಿಗೇ ಗೊತ್ತಾಗಿ, ಸಿಟ್ಟಿನಿಂದ ಕುರ್ಚಿಯ ಕೈ ಗುದ್ದಿದಳು. ಯಾರೂ ಅಯ್ಯೋ ಅನ್ನಲಿಲ್ಲ. "ಬೀಗ ಆ ಕಡೆ ಇರ್ಲಿ ಮೇಡಂ, ಮೊದಲು ಇದಕ್ಕೆ ಉತ್ತರ ಹೇಳಿ" ಎಂದರು ವಕೀಲರು. ಸೆರಗು ಜಾರಿ ಬಾಯಿ ಪೂರಾ ಕಾಣುತ್ತಿತ್ತು. ಅವಳು ಅದನ್ನು ಎತ್ತಿಕೊಳ್ಳಲು ಮರೆತಿದ್ದಳು.

ಎಲ್ಲರೂ ಹೋದ ಮೇಲೆ ಸಂಜೆಯ ಬೆಳಕು ಇನ್ನೂ ಉಳಿದಿತ್ತು. ನಾದಿನಿ ಒಳಗೆ ಲೋಟ ತೊಳೆಯುತ್ತಿದ್ದಳು, ಸ್ವಲ್ಪ ಸಿಟ್ಟಿನ ಸದ್ದು ಮಾಡುತ್ತ. ಅವನು ಕುರ್ಚಿಗಳನ್ನು ಎತ್ತಿಡಲು ಬಾಗಿದಾಗ ಅವಳು ಅವನ ಅಂಗಿಯ ಅಂಚು ಹಿಡಿದು ಎಳೆದಳು. ಎದುರಿಗೆ ಕೂತ. ಅವಳು ತುಂಬ ಹೊತ್ತು ಅವನನ್ನೇ ನೋಡಿದಳು. ಅವನೂ ನೋಡಿದ, ಕಣ್ಣು, ತುಟಿ, ಜಾರಿದ ಬಲತುದಿ, ಎಲ್ಲವನ್ನೂ. ಅಳೆಯಬೇಕೆನಿಸಲಿಲ್ಲ.

"ನೀವು," ಎಂದಳು. "ಬಾ... ಬಾಗಿಲು."

"ಹೂಂ."

"ಹೊರಗೆ."

"ಹೂಂ. ಒಳಗೆ ಬಿಡಲಿಲ್ಲ. ಬೆಂಚಿನ ಮೇಲೇ ಇದ್ದೆ."

ಅವಳು ಮುಂದಿನ ಪದಕ್ಕಾಗಿ ಹುಡುಕಿದಳು. ಅವನು ಊಹಿಸಬಲ್ಲವನಾಗಿದ್ದ, ಊಹಿಸಲಿಲ್ಲ. ಗಡಿಯಾರ, ನಲ್ಲಿಯ ನೀರು, ಬೀದಿಯಲ್ಲಿ ಯಾರದೋ ಸೈಕಲ್ ಗಂಟೆ.

"ನಗ... ಲಿಲ್ಲ," ಎಂದಳು.

"ಇಲ್ಲ ಕಣೆ. ನಗಲಿಲ್ಲ."

ಅವಳ ಎಡಗೈ ಬಂದು ಅವನ ಕೆನ್ನೆಯ ಮೇಲೆ ಕೂತಿತು, ಒರಟಾಗಿ, ಅಳತೆ ತಪ್ಪಿ, ಸ್ವಲ್ಪ ಹೊಡೆದ ಹಾಗೆಯೇ. ಅವನಿಗೆ ಒಂದು ಭಾನುವಾರ ಮಧ್ಯಾಹ್ನದ ಬಿಸಿಲು ನೆನಪಾಯಿತು. ಅದನ್ನು ಅವಳಿಗೆ ಎಂದಾದರೂ ಹೇಳಬಲ್ಲೆನೇ, ಗೊತ್ತಿಲ್ಲ. ಹೇಳಿದರೆ ಅದಕ್ಕೂ ಇವಳು ಏನಾದರೊಂದು ಎದುರುತ್ತರ ಹುಡುಕಿಯೇ ಹುಡುಕುತ್ತಾಳೆ ಎನ್ನಿಸಿ ಎದೆ ಹಗುರವಾಯಿತು. "ಆದ್ರೂ ರಾಣಿ ಅವನನ್ನ ಒಳಗೆ ಕರ್ಕೊಂಡು ಹೋಗಬೇಕಿತ್ತು," ಎಂದ. "ನೀನು ಏನೇ ಹೇಳು."

ಕೆನ್ನೆಯ ಮೇಲಿನ ಕೈ ತಟ್ಟನೆ ಹಿಂದೆ ಸರಿಯಿತು. ಹುಬ್ಬು ಏರಿತು. "ಅಲ್ಲ."

"ಯಾಕಲ್ಲ?"

ನಾದಿನಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ಸಾಕು ಬಿಡಿ ಭಾವ, ಅಕ್ಕ ಸುಸ್ತಾಗಿದಾಳೆ. ಮಲಗಿಸೋಣ."

"ಇರಮ್ಮ," ಎಂದ ಅವನು, ಅವಳ ಬಾಯಿಯಿಂದ ಕಣ್ಣು ತೆಗೆಯದೆ. "ನಾವಿನ್ನೂ ಜಗಳ ಆಡ್ತಾ ಇದೀವಿ."